ರಾಗಿ ಹುಲ್ಲು ಕಪ್ಪಗಾಗುವುದೇಕೆ? ಕಾಳೂ ಮೇವೂ ಉಳಿಯಬೇಕಾದರೆ ಬಿತ್ತುವುದು ಯಾವಾಗ?

ಪ್ರಶ್ನೆ: ಅರಸೀಕೆರೆ ತಾಲ್ಲೂಕಿನಲ್ಲಿ ಎರಡು ಎಕರೆ ಮಳೆಯಾಶ್ರಿತ ಕೆಮ್ಮಣ್ಣಿನ ಹೊಲ ಇದೆ, ಕೊಟ್ಟಿಗೆಯಲ್ಲಿ ಎರಡು ಹಸುಗಳಿವೆ. ಜೂನ್‌ನಲ್ಲಿ ಹದ ಸಿಕ್ಕ ಕೂಡಲೇ ಜಿಪಿಯು-28 ರಾಗಿ ಬಿತ್ತುತ್ತೇವೆ. ಕಾಳು ಪರವಾಗಿಲ್ಲ. ಹುಲ್ಲು ಮಾತ್ರ ಕಪ್ಪಗಾಗಿ ಮುಗ್ಗಲು ವಾಸನೆ ಬರುತ್ತದೆ, ಹಸುಗಳು ಮೂಸಿ ಮುಖ ತಿರುಗಿಸುತ್ತವೆ. ತಳಿ ಬದಲಿಸಬೇಕೇ?

ಉತ್ತರ: ತಳಿಯ ವಿಷಯ ಆಮೇಲೆ, ಮೊದಲು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ. ಜಿಪಿಯು-28 ಸುಮಾರು 110ರಿಂದ 115 ದಿನದ ರಾಗಿ. ಜೂನ್ 20ಕ್ಕೆ ಬಿತ್ತಿದರೆ ಅಕ್ಟೋಬರ್ 13ರ ಹೊತ್ತಿಗೆ ತೆನೆ ಬಲಿತು ನಿಲ್ಲುತ್ತದೆ. ಅದು ಚಿತ್ತೆ ಮಳೆಯ ಕಾಲ, ಅದರ ಬೆನ್ನಿಗೇ ಸ್ವಾತಿ. ಅರಸೀಕೆರೆ, ಕಡೂರಿನ ಕಡೆಗೆ ಹಿಂಗಾರು ಸುರಿಯುವುದೇ ಆಗ. ಕೊಯ್ಯದೆ ಬಿಟ್ಟರೆ ನಿಂತ ಪೈರು ನೆನೆಯುತ್ತದೆ, ಕೊಯ್ದರೆ ನೆಲದಲ್ಲಿ ಬಿದ್ದ ಅರಿ, ಅಂದರೆ ಒಣಗಲು ಹಾಸಿದ ಪೈರು, ನೆನೆಯುತ್ತದೆ. ಇಲ್ಲಿ ತಳಿಯದೇನೂ ತಪ್ಪಿಲ್ಲ. ಬೆಳೆ ಬಲಿಯುವ ದಿನ ಮಳೆಯ ಬಾಯಿಗೆ ಬೀಳುತ್ತಿದೆ, ಅಷ್ಟೇ.

ಇದರಲ್ಲಿ ಹಾಳಾಗುವುದು ಹುಲ್ಲೊಂದೇ ಅಲ್ಲ. ಬಲಿತ ತೆನೆ ನಾಲ್ಕೈದು ದಿನ ನೆನೆದರೆ ಕಾಳು ಒಳಗೊಳಗೇ ಮೊಳೆಯಲು ಶುರುಮಾಡುತ್ತದೆ. ಹೊರಗೆ ಮೊಳಕೆ ಕಾಣದಿದ್ದರೂ ಒಳಗಿನ ಪಿಷ್ಟ ಒಡೆದಿರುತ್ತದೆ. ಆ ರಾಗಿಯ ಹಿಟ್ಟಿನಿಂದ ಮುದ್ದೆ ಕಟ್ಟಿದರೆ ಗಟ್ಟಿ ನಿಲ್ಲುವುದಿಲ್ಲ, ಸಡಿಲವಾಗಿ ತಟ್ಟೆಯಲ್ಲಿ ಕೂತುಬಿಡುತ್ತದೆ. ಮಗುವಿನ ಸರಿಗೆಂದು ರಾಗಿಯನ್ನು ಬೇಕೆಂದೇ ಮೊಳಕೆ ಕಟ್ಟಿ ಒಣಗಿಸಿದಾಗ ಗಂಜಿ ತೆಳ್ಳಗಾಗುವುದೂ ಇದೇ ಕಾರಣಕ್ಕೆ. ಸರಿಗೆ ಅದು ಒಳ್ಳೆಯದು, ಮುದ್ದೆಗೆ ಆಗಿಬರುವುದಿಲ್ಲ. ಹೀಗಾಗಿ ‘ಕಾಳು ಪರವಾಗಿಲ್ಲ’ ಎಂದು ಹೇಳುವ ಮುಂಚೆ ಒಂದು ಸೇರು ಬೀಸಿ ಮುದ್ದೆ ತೊಳಸಿ ನೋಡಿ.

ಮಾಡಬೇಕಾದದ್ದು ಲೆಕ್ಕವನ್ನು ಹಿಂದಿನಿಂದ ಹಾಕುವುದು. ನವೆಂಬರ್ ಎರಡನೇ ವಾರ ದಾಟಿದ ಮೇಲೆ ಕೊಯ್ಲಿಗೆ ಬರುವಂತೆ ಇಟ್ಟುಕೊಂಡು, ಅಲ್ಲಿಂದ ತಳಿಯ ದಿನಗಳನ್ನು ಕಳೆಯಿರಿ. ಸುಮಾರು 125 ದಿನದ ಎಂಆರ್-6 ಬೇಕಾದರೆ ಜುಲೈ 10ರ ಆಸುಪಾಸು, ಅಂದರೆ ಪುನರ್ವಸು ಮಳೆಗೆ ಬಿತ್ತಬೇಕು. ಜಿಪಿಯು-28 ಆದರೆ ಪುಷ್ಯ ಮಳೆಗೆ, ಜುಲೈ 25ರ ಸುಮಾರಿಗೆ. ಅದು ನವೆಂಬರ್ 17ರ ಹೊತ್ತಿಗೆ ಬಲಿಯುತ್ತದೆ. ಎಂಎಲ್-365 ಆದರೆ ಬಿತ್ತನೆಯನ್ನು ಇನ್ನೊಂದು ವಾರ ತಡ ಮಾಡಬಹುದು. ಆಶ್ಲೇಷದವರೆಗೂ ಹದವೇ ಆಗಲಿಲ್ಲ ಎಂದರೆ ಜಿಪಿಯು-48ರಂಥ 95ರಿಂದ 100 ದಿನದ ತಳಿಗೆ ಹೋಗಿ. ಆಗಸ್ಟ್ 15ಕ್ಕೆ ಬಿತ್ತಿದರೂ ನವೆಂಬರ್ ಮೂರನೇ ವಾರಕ್ಕೆ ಕೈಗೆ ಬರುತ್ತದೆ. ಆದರೆ ಅಲ್ಪಾವಧಿ ರಾಗಿ ಎತ್ತರ ಕಡಿಮೆ, ತೆಂಡೆ (ಬುಡದಿಂದ ಒಡೆಯುವ ಮರಿದಂಟು) ಕಡಿಮೆ. ಹುಲ್ಲಿನ ಆಸೆಯನ್ನು ಸ್ವಲ್ಪ ಬಿಡಬೇಕಾಗುತ್ತದೆ.

ತಡ ಮಾಡಿದರೆ ಬೆಳೆಗೆ ನೀರು ಸಾಲದೇ ಹೋದೀತೆಂಬ ಭಯ ಸಹಜ. ಜುಲೈ 25ರ ಜಿಪಿಯು-28 ಹೊಡೆ ಒಡೆದು ಹೂವಾಡುವುದು ಅಕ್ಟೋಬರ್ ಮೊದಲಲ್ಲಿ, ಹಸ್ತ ಮಳೆಗೆ. ಕಾಳು ಕಟ್ಟುವುದು ಚಿತ್ತೆಯಲ್ಲಿ. ಯಾವ ಮಳೆ ಕೊಯ್ದ ಅರಿಯನ್ನು ಕೊಳೆಸುತ್ತಿತ್ತೋ ಅದೇ ಮಳೆ ಈಗ ಹಾಲುದುಂಬುವ ತೆನೆಗೆ ಬೀಳುತ್ತದೆ. ಬೇಲೂರು, ಆಲೂರಿನ ಮಲೆನಾಡ ಅಂಚಿನಲ್ಲಿ ತೇವ ಇನ್ನೂ ಹೆಚ್ಚು, ಇಬ್ಬನಿಯೂ ಜಾಸ್ತಿ. ಅಲ್ಲಿಯವರು ಕೊಯ್ಲನ್ನು ಇನ್ನೊಂದು ವಾರ ಮುಂದಕ್ಕೆ ಹಾಕಿಕೊಂಡರೆ ನಷ್ಟವಿಲ್ಲ. ನವೆಂಬರ್ ಕೊನೆಯಲ್ಲಿ ಬಂಗಾಳಕೊಲ್ಲಿಯ ಸೈಕ್ಲೋನ್ ಬಂದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ, ಅದಕ್ಕೆ ಬೇರೆ ಉಪಾಯ ಕೆಳಗಿದೆ.

ಜೂನ್‌ನ ಹದವನ್ನು ಸುಮ್ಮನೆ ಬಿಡಬೇಕೇ? ಬೇಡ. ಆ ಮಳೆಗೆ ಎರಡು ಸಲ ಉತ್ತು ಕಳೆ ಮೊಳೆಸಿ ಸಾಯಿಸಿ. ಬಿತ್ತನೆಗೆ ಎರಡು ಮೂರು ವಾರ ಮುಂಚೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಹರಡಿ ಸೇರಿಸಿ.

ಬೀಜ, ಗೊಬ್ಬರದ ಮಾತು ಬೇಗ ಮುಗಿಸೋಣ. ಕೂರಿಗೆಯಲ್ಲಿ ಎಕರೆಗೆ 4ರಿಂದ 5 ಕಿಲೋ ಬೀಜ ಸಾಕು, ಸಾಲಿಂದ ಸಾಲಿಗೆ 30 ಸೆಂ.ಮೀ., ಅಂದರೆ ಒಂದಡಿ. ಮಳೆಯಾಶ್ರಿತ ರಾಗಿಗೆ ಎಕರೆಗೆ ಸಾರಜನಕ 20, ರಂಜಕ 16, ಪೊಟ್ಯಾಷ್ 15 ಕಿಲೋ. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಬಿತ್ತುವಾಗ ಡಿಎಪಿ 35 ಕಿಲೋ, ಯೂರಿಯಾ 8 ಕಿಲೋ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 25 ಕಿಲೋ. ಆಮೇಲೆ 30ರಿಂದ 35ನೇ ದಿನದಲ್ಲಿ, ನೆಲದಲ್ಲಿ ತೇವ ಇರುವಾಗ, ಯೂರಿಯಾ 22 ಕಿಲೋ. ಹುಲ್ಲು ದಟ್ಟವಾಗಲಿ ಎಂದು ಮೂಟೆಗಟ್ಟಲೆ ಯೂರಿಯಾ ಸುರಿಯುವ ಚಾಳಿ ಇದೆಯಲ್ಲ, ಅದರಿಂದ ಎರಡು ಕೆಡುಕು. ಪೈರು ಮೆತ್ತಗಾಗಿ ತೆನೆ ಭಾರಕ್ಕೆ ಒರಗುತ್ತದೆ, ಮಣ್ಣಿಗೆ ತಾಗಿದ ದಂಟು ಅಲ್ಲೇ ಕಪ್ಪಗಾಗುತ್ತದೆ. ಜೊತೆಗೆ ಬೆಂಕಿ ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು ಕಾಳು ಜೊಳ್ಳಾಗುವುದು ಅದೇ ರೋಗದಿಂದ. ಜಿಪಿಯು-28 ಈ ರೋಗವನ್ನು ಚೆನ್ನಾಗಿ ತಡೆಯುತ್ತದೆ, ಅದನ್ನು ಬಿಡಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಪೈರು ಮೂರು ವಾರದ್ದಾದಾಗ ದಟ್ಟವಾದ ಕಡೆ ಕಿತ್ತು, ಗಿಡದಿಂದ ಗಿಡಕ್ಕೆ ನಾಲ್ಕು ಬೆರಳು ಬಿಡಿ. ಆಮೇಲೆ ಎಡೆಕುಂಟೆ ಎರಡು ಸಲ. ಕೈಯಿಂದ ಚೆಲ್ಲಿ ಬಿತ್ತಿದ್ದರೆ ಹಲುಬೆ (ಹಲ್ಲುಗಳಿರುವ ಕುಂಟೆ) ಹೊಡೆಯಿರಿ. ಹಲ್ಲು ಹರಿದಾಗ ಒಂದಿಷ್ಟು ಗಿಡ ಕಿತ್ತು ಬರುತ್ತದೆ, ಹೆದರಬೇಡಿ, ಉಳಿದದ್ದು ತೆಂಡೆ ಒಡೆಯುತ್ತದೆ.

ಅಕ್ಕಡಿ ಸಾಲನ್ನು, ಅಂದರೆ ರಾಗಿಯ ನಡುವಿನ ಮಿಶ್ರಬೆಳೆಯ ಸಾಲನ್ನು, ಬಿಡಬೇಡಿ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ, ಅಥವಾ ಎಂಟರಿಂದ ಹತ್ತು ಸಾಲಿಗೆ ಎರಡು ಸಾಲು ತೊಗರಿ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆ ಹೂ ಬಿಡುವಂಥದು. ರಾಗಿ ಕೊಯ್ದ ನಂತರ ಅದಕ್ಕೆ ಬಿಸಿಲು, ಜಾಗ ಎರಡೂ ಸಿಕ್ಕಿ ಸೊನೆ ಕಾಯಿ ಕೊಡುತ್ತದೆ. ಅವರೆ ಹೊಟ್ಟು, ಬಳ್ಳಿ ಹಸುವಿಗೆ. ರಾಗಿ ಹುಲ್ಲಿನಲ್ಲಿ ಪ್ರೋಟೀನ್ ಶೇಕಡಾ 3ರಿಂದ 4ರಷ್ಟೇ, ಅದನ್ನು ತುಂಬಿಕೊಡುವುದು ಈ ದ್ವಿದಳದ ಹೊಟ್ಟೇ. ಅಕ್ಕಡಿಯಲ್ಲಿ ಬಿಳಿಜೋಳ ಹಾಕುವವರು ಒಂದನ್ನು ನೆನಪಿಡಬೇಕು: ಎಳೆಯ ಜೋಳ, ಮಳೆಯಿಲ್ಲದೆ ಬಾಡಿದ ಜೋಳ, ಕೊಯ್ದ ಕೂಳೆಯಿಂದ ಚಿಗುರಿದ ಜೋಳ ಇವುಗಳಲ್ಲಿ ವಿಷ ಇರುತ್ತದೆ, ಹಸು ನಿಂತಲ್ಲೇ ಬೀಳಬಹುದು. ಹೂ ಬಂದ ಮೇಲೆಯೇ ಕೊಯ್ದು ಹಾಕಿ.

ಇನ್ನು ಕೊಯ್ಲು. ಹೆಚ್ಚಿನ ಹುಲ್ಲು ಕೆಡುವುದು ಇಲ್ಲಿಂದ ಮುಂದೆ.

ರಾಗಿ ತೆನೆ ಎಲ್ಲ ಒಟ್ಟಿಗೆ ಬಲಿಯುವುದಿಲ್ಲ. ತಾಯಿ ತೆನೆ ಮೊದಲು, ತೆಂಡೆಯ ತೆನೆ ಒಂದು ವಾರ ಹಿಂದೆ. ಕೊನೆಯ ತೆನೆಯೂ ಕಂದು ತಿರುಗಲಿ ಎಂದು ಕಾದರೆ ಅಷ್ಟರಲ್ಲಿ ಎಲೆ ಒಣಗಿ ಉದುರಿ ಬರೀ ದಂಟು ಉಳಿಯುತ್ತದೆ. ಮುಕ್ಕಾಲು ಪಾಲು ತೆನೆ ಕಂದಾಗಿ, ಕಾಳು ಹಲ್ಲಿಗೆ ಗಟ್ಟಿ ಸಿಕ್ಕಿ, ದಂಟಿನಲ್ಲಿ ಇನ್ನೂ ಹಸಿರು ಛಾಯೆ ಇರುವಾಗ ಕುಡುಗೋಲು ಹಾಕಿ. ಕಾಳಿಗೆ ಏನೂ ಕಡಿಮೆಯಾಗುವುದಿಲ್ಲ, ಮೇವು ಸಿಹಿಯಾಗಿರುತ್ತದೆ. ನೆಲಕ್ಕೆ ಎರಡು ಬೆರಳು ಬಿಟ್ಟು ಕೊಯ್ಯಿರಿ.

ಕೊಯ್ದದ್ದನ್ನು ತೆಳ್ಳಗೆ ಅರಿ ಹಾಕಿ ಎರಡು ಮೂರು ಬಿಸಿಲು ಬಿಡಿ, ನಡುವೆ ಒಂದು ಸಲ ಮಗುಚಿ. ಸಿವುಡು, ಅಂದರೆ ಕಂತೆ, ಕಟ್ಟುವುದನ್ನು ಬೆಳಿಗ್ಗೆ ಹಿಡಿಯಬೇಡಿ. ನವೆಂಬರ್‌ನ ಇಬ್ಬನಿ ಹತ್ತು ಗಂಟೆಯವರೆಗೂ ಅರಿಯ ಅಡಿಯಲ್ಲಿ ಇರುತ್ತದೆ. ಮಧ್ಯಾಹ್ನ ಮೂರರ ಮೇಲೆ ಕಟ್ಟಿ, ಇಬ್ಬನಿ ಇಳಿಯುವುದರೊಳಗೆ ಮುಗಿಸಿ. ಒಣಗಿದೆಯೋ ಇಲ್ಲವೋ ಎಂದು ನೋಡಲು ಎಲೆ ಮುಟ್ಟಿದರೆ ಮೋಸ ಹೋಗುತ್ತೀರಿ, ಎಲೆ ಒಂದೇ ಬಿಸಿಲಿಗೆ ಗರಿಗರಿ ಆಗುತ್ತದೆ. ನೀರು ಅಡಗಿರುವುದು ಗೆಣ್ಣಿನಲ್ಲಿ. ಬುಡದಿಂದ ಎರಡನೇ ಗೆಣ್ಣನ್ನು ಉಗುರಿನಿಂದ ಒತ್ತಿ ಸೀಳಿ. ಪಸೆ ಬಂದರೆ, ಅಥವಾ ದಂಟು ಮುರಿಯದೆ ಬಾಗಿದರೆ, ಇನ್ನೊಂದು ಬಿಸಿಲು ಬೇಕು. ಪಟಕ್ಕನೆ ಮುರಿದರೆ ಮೆದೆಗೆ (ಬಣವೆಗೆ) ಸಿದ್ಧ.

ಒದ್ದೆ ಗೆಣ್ಣಿನೊಂದಿಗೆ ಒಟ್ಟಿದ ಮೆದೆಯಲ್ಲಿ ಸೂಕ್ಷ್ಮಜೀವಿಗಳು ಕೆಲಸ ಶುರುಮಾಡಿ ಒಳಗೆ ಶಾಖ ಏಳುತ್ತದೆ. ಹೊರಗೆ ಬಂಗಾರದ ಬಣ್ಣ, ಒಳಗೆ ಬಿಚ್ಚಿದರೆ ಕಪ್ಪು ಕಂದು, ಹೊಗೆಸೊಪ್ಪಿನಂಥ ವಾಸನೆ. ನಿಮ್ಮ ಹಸುಗಳು ಮುಖ ತಿರುಗಿಸಿದ್ದು ಇಂಥ ಹುಲ್ಲಿಗೇ ಇರಬೇಕು. ಒಟ್ಟಿದ ಮೂರನೇ ದಿನದಿಂದ ಒಂದು ವಾರ, ದಿನಾ ಒಂದು ಕಬ್ಬಿಣದ ಸರಳನ್ನು ಮೆದೆಯ ಹೊಟ್ಟೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ. ಕೈಗೆ ಬಿಸಿ ಹತ್ತಿದರೆ ಅನುಮಾನ ಬೇಡ, ಅದೇ ದಿನ ಬಿಚ್ಚಿ ಹರಡಿ.

ಮೆದೆಯ ಬುಡಕ್ಕೆ ಕಲ್ಲು ಜೋಡಿಸಿ ಅದರ ಮೇಲೆ ಕಟ್ಟಿಗೆ ಅಥವಾ ತೆಂಗಿನ ಮಟ್ಟೆ ಹಾಸಿ, ಕೆಳಗೆ ಗಾಳಿಯಾಡಬೇಕು. ಸಿವುಡಿನ ತೆನೆ ಒಳಗೆ, ಬುಡ ಹೊರಗೆ. ನಡುವೆ ಯಾವಾಗಲೂ ಒಂದು ಕೈ ಎತ್ತರ ಇರಲಿ. ಆಗ ಪ್ರತಿ ಸಿವುಡೂ ಹೊರಗಡೆಗೆ ಇಳಿಜಾರಾಗಿ, ಬಿದ್ದ ಮಳೆ ದಂಟಿನ ಮೇಲೇ ಜಾರಿ ಹೊರಗೆ ತೊಟ್ಟಿಕ್ಕುತ್ತದೆ. ನಡು ತಗ್ಗಿದ ಮೆದೆ ಬೋಗುಣಿ ಇದ್ದ ಹಾಗೆ, ನೀರೆಲ್ಲ ತೆನೆಗೇ ಇಳಿಯುತ್ತದೆ. ಮೇಲೆ ಚೂಪಾಗಿ ಮುಗಿಸಿ ತೆಂಗಿನ ಗರಿ ಹೊದಿಸಿ. ಟಾರ್ಪಾಲನ್ನು ಮಳೆ ಬಂದಾಗ ಮಾತ್ರ ಎಳೆಯಿರಿ. ದಿನವಿಡೀ ಮುಚ್ಚಿಟ್ಟರೆ ಒಳಗಿನ ಆವಿ ಟಾರ್ಪಾಲಿಗೆ ತಾಗಿ ಹನಿಯಾಗಿ ಮತ್ತೆ ಹುಲ್ಲಿಗೇ ಬೀಳುತ್ತದೆ.

ಅರಿ ಹಾಕಿದ ಮೇಲೆ ಸೈಕ್ಲೋನ್ ಮಳೆ ಹಿಡಿದರೆ? ಒದ್ದೆಯಲ್ಲೇ ಗುಡ್ಡೆ ಮಾಡಿ ಮುಚ್ಚುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಚಿಕ್ಕ ಸಿವುಡು ಕಟ್ಟಿ, ಐದಾರನ್ನು ತೆನೆ ಮೇಲಾಗಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ನೀರು ಬುಡಕ್ಕೆ ಇಳಿಯುತ್ತದೆ, ಗಾಳಿ ಹಾಯುತ್ತದೆ. ಮಳೆ ಬಿಡುವ ಲಕ್ಷಣವೇ ಇಲ್ಲದಿದ್ದರೆ ತೆನೆ ಮಾತ್ರ ಮುರಿದು ಮನೆಯೊಳಗೆ ತೆಳ್ಳಗೆ ಹರಡಿ ಕಾಳು ಉಳಿಸಿಕೊಳ್ಳಿ. ಆಳು ಹೆಚ್ಚು ಬೇಕು, ನಿಜ.

ಆಳು ಸಿಗದೆ ಕಟಾವು ಯಂತ್ರ ಕರೆಸುವವರೇ ಈಗ ಹೆಚ್ಚು. ಕಾಳಿನ ಮಟ್ಟಿಗೆ ಅದು ಸರಿ. ಹುಲ್ಲು ಮಾತ್ರ ಯಂತ್ರದ ಹಿಂದೆ ಜಜ್ಜಿ ನೆಲಕ್ಕೆ ಬೀಳುತ್ತದೆ, ಉದ್ದ ಕೂಳೆ ಹೊಲದಲ್ಲೇ ಉಳಿಯುತ್ತದೆ, ಮಣ್ಣು ಸೇರುತ್ತದೆ. ನೆಲ ಪೂರ್ತಿ ಒಣಗಿದ ಮೇಲೆಯೇ ಯಂತ್ರ ಇಳಿಸಿ, ಒಂದೆರಡು ಬಿಸಿಲು ಕೊಟ್ಟು ಪೆಂಡಿ ಕಟ್ಟಿಸಿ. ಎರಡು ಹಸುವಿನ ಮನೆಗೆ ಕನಿಷ್ಠ ಒಂದು ಎಕರೆಯನ್ನಾದರೂ ಕೈಕೊಯ್ಲು ಮಾಡುವುದೇ ಲಾಭ. ಇನ್ನು ಟಾರು ರಸ್ತೆಯಲ್ಲಿ ಹುಲ್ಲು ಹಾಸಿ ವಾಹನಗಳಿಂದ ತುಳಿಸುವ ಒಕ್ಕಣೆ: ಕಾಳಿಗೆ ಮರಳು, ಹುಲ್ಲಿಗೆ ಎಣ್ಣೆ, ಬೈಕಿನವರಿಗೆ ಅಪಾಯ. ಕಣದಲ್ಲಿ ರೋಣಗಲ್ಲೋ ಟ್ರ್ಯಾಕ್ಟರೋ ಓಡಿಸಿದರೆ ಅರ್ಧ ದಿನದ ಕೆಲಸ.

ಎಷ್ಟು ಹುಲ್ಲು ಸಾಕಾಗುತ್ತದೆ? ಒಂದು ಹಸುವಿಗೆ ಹಸಿ ಮೇವಿನ ಜೊತೆ ದಿನಕ್ಕೆ 6 ಕಿಲೋ ಎಂದಿಟ್ಟುಕೊಂಡರೂ ಎರಡಕ್ಕೆ ವರ್ಷಕ್ಕೆ ಹತ್ತಿರ ಹತ್ತಿರ 4.4 ಟನ್ ಬೇಕು. ಹುಲ್ಲು ಕಾಳಿನ ತೂಕದ ಒಂದೂವರೆ ಪಟ್ಟು ಎಂದು ಹಿಡಿಯಿರಿ. ಎಕರೆಗೆ 10 ಕ್ವಿಂಟಾಲ್ ಕಾಳು ಬಂದರೆ ಹುಲ್ಲು ಒಂದೂವರೆ ಟನ್, ನಿಮ್ಮ ಎರಡು ಎಕರೆಗೆ 3 ಟನ್. ಉಳಿದ ಕೊರತೆಯನ್ನು ಹುಲ್ಲು ಕತ್ತರಿಸಿ ಹಾಕುವುದರಿಂದ ಒಂದಿಷ್ಟು ತುಂಬಬಹುದು. ಇಡೀ ಹುಲ್ಲು ಹಾಕಿದರೆ ಹಸು ಎಲೆ ಆರಿಸಿ ತಿಂದು ದಂಟನ್ನು ತುಳಿಯುತ್ತದೆ, ಒಂದಂಗುಲಕ್ಕೆ ಕತ್ತರಿಸಿದರೆ ಗೆಣ್ಣೂ ಹೊಟ್ಟೆಗೆ ಹೋಗುತ್ತದೆ.

ಈಗ ಮನೆಯಲ್ಲಿರುವ ಕಪ್ಪು ಹುಲ್ಲನ್ನು ಬಿಸಿಲಿಗೆ ಒಣಗಿಸಿ, ಬೂಷ್ಟು ಕೊಡವಿ, ಬೆಲ್ಲದ ನೀರು ಚಿಮುಕಿಸಿ ತಿನ್ನಿಸಲು ಹೋಗಬೇಡಿ. ಬೂಷ್ಟಿನ ವಿಷ ಬಿಸಿಲಿಗೆ ಹೋಗುವಂಥದ್ದಲ್ಲ, ಹಾಲಿಗೂ ಇಳಿಯುತ್ತದೆ. ಗಬ್ಬದ ಹಸುವಿದ್ದರಂತೂ ಹತ್ತಿರಕ್ಕೂ ತರಬೇಡಿ. ಬಿಚ್ಚುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಆಗದು. ತೆಂಗಿನ ಪಾತಿಗೆ ದಪ್ಪಗೆ ಹೊದಿಸಿ ಮೇಲೆ ಸಗಣಿ ನೀರು ಹಾಕಿದರೆ ಬೇಸಿಗೆಯಲ್ಲಿ ತೇವ ಹಿಡಿಯುತ್ತದೆ, ಮುಂದಿನ ಮಳೆಗೆ ಗೊಬ್ಬರವಾಗುತ್ತದೆ.