ಜಾಕ್ ಎಷ್ಟು ಟನ್ನಿನದು ಅಂತ ಕೇಳುವ ಮೊದಲು

ಮಳೆಗಾಲ ಹತ್ತಿರ ಬಂತೆಂದರೆ ಪುತ್ತೂರಿನ ನಮ್ಮ ಗ್ಯಾರೇಜಿಗೆ ಹೊಸ ಟೈರ್ ಹಾಕಿಸಲು ಬರುವವರು ಜಾಸ್ತಿ. ಅವರಲ್ಲಿ ಯಾರಾದರೊಬ್ಬರು ಹೊರಡುವ ಹೊತ್ತಿಗೆ ಕೇಳಿಯೇ ಕೇಳುತ್ತಾರೆ, "ಮನೆಗೆ ಒಂದು ಜಾಕ್ ತರಿಸ್ಬೇಕಿತ್ತು, ಎಷ್ಟು ಟನ್ನಿನದು ಒಳ್ಳೇದು?" ನಾನು ಕೇಳುತ್ತೇನೆ, "ನಿಮ್ಮ ಅಂಗಳ ಎಂತದ್ದು? ಮಣ್ಣಾ, ಇಂಟರ್‌ಲಾಕಾ, ಸಿಮೆಂಟಾ?" ನನಗೆ ಕಿವಿ ಮಂದ ಅಂದುಕೊಳ್ಳುತ್ತಾರೋ ಏನೋ, ಮೊಬೈಲ್ ತೆಗೆದು ಮೂರು ಟನ್ನಿನ ಜಾಕಿನ ಫೋಟೋ ತೋರಿಸುತ್ತಾರೆ.

ಟನ್ನಿನ ಲೆಕ್ಕ ಮೊದಲು ಮುಗಿಸಿಬಿಡೋಣ. ಸ್ವಿಫ್ಟ್ ಒಂದು ಟನ್ನಿಗಿಂತ ಹಗುರ. ಇನ್ನೋವಾ ಕ್ರಿಸ್ಟಾ ಕೂಡ ಖಾಲಿ ಇದ್ದಾಗ ಎರಡು ಟನ್ ಮುಟ್ಟುವುದಿಲ್ಲ. ಒಂದು ಚಕ್ರ ಎತ್ತುವಾಗ ಜಾಕಿನ ಮೇಲೆ ಬೀಳುವುದು ಅದರಲ್ಲಿ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಎರಡು ಟನ್ನಿನ ಜಾಕ್ ಮನೆಯ ಕಾರಿಗೆ ಧಾರಾಳವಾಯಿತು. ಮೂರು, ಐದು ಅಂತ ಹೋದರೆ ಹೊರಲು ಕಷ್ಟ, ಅಷ್ಟೇ.

ಭಾರ ತಡೆಯದೆ ಮುರಿದ ಜಾಕ್ ನಮ್ಮಲ್ಲಿಗೆ ಬರುವುದು ಅಪರೂಪ. ಬರುವುದೆಲ್ಲ ಜಾರಿದ ಜಾಕಿನ ಕಥೆ. ಎತ್ತಿದ ಕಾರು ನೇರ ಕೆಳಗೆ ಕುಸಿಯುವುದಕ್ಕಿಂತ ಹಿಂದಕ್ಕೋ ಮುಂದಕ್ಕೋ ನಾಲ್ಕು ಬೆರಳು ಸರಿಯುತ್ತದೆ, ಜಾಕ್ ವಾಲುತ್ತದೆ, ಆಮೇಲೆ ಬೀಳುತ್ತದೆ. ಆ ನಾಲ್ಕು ಬೆರಳನ್ನು ಎಷ್ಟು ಟನ್ನಿನ ಜಾಕೂ ತಡೆಯುವುದಿಲ್ಲ. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ.

ನಿವೃತ್ತ ಮಾಷ್ಟ್ರೊಬ್ಬರು ಆನ್‌ಲೈನಿನಲ್ಲಿ ಟ್ರಾಲಿ ಜಾಕ್, ಅಂದರೆ ಗಾಲಿಯ ಮೇಲೆ ಉರುಳುವ, ಹಿಡಿಯಿಂದ ಪಂಪ್ ಮಾಡಿ ಎತ್ತುವ ಜಾಕ್ ತರಿಸಿದ್ದರು. ಅಡಿಕೆ ಒಣಗಿಸುವ ಮಣ್ಣಿನ ಅಂಗಳ, ಎರಡು ಮಳೆ ಬಿದ್ದು ಮೆತ್ತಗಾಗಿದೆ. ಜಾಕ್ ಅಲ್ಲಾಡಬಾರದು ಅಂತ ಅದರ ಪುಟ್ಟ ಗಾಲಿಗಳಿಗೇ ಕೆಂಪುಕಲ್ಲಿನ ಚೂರು ಒತ್ತಿಟ್ಟಿದ್ದಾರೆ. ಕಾರಿನ ಚಕ್ರಕ್ಕೆ ಏನೂ ಇಲ್ಲ. ಅರ್ಧ ಎತ್ತುವಾಗ ಜಾಕಿನ ತಲೆ ಜಾರಿ ಬಾಗಿಲ ಕೆಳಗಿನ ಅಂಚು ಮಡಚಿಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಮರುದಿನ ಜಾಕ್ ಹೊತ್ತುಕೊಂಡು ಬಂದು, "ಡೂಪ್ಲಿಕೇಟ್ ಕೊಟ್ಟು ಮೋಸ ಮಾಡಿದ್ರು ಮಾರಾಯ್ರೇ" ಅಂದರು. ಅದೇ ಜಾಕಿನಲ್ಲಿ, ಅದೇ ಕಾರನ್ನು ನಮ್ಮ ಸಿಮೆಂಟ್ ನೆಲದ ಮೇಲೆ ಎತ್ತಿ ತೋರಿಸಿದೆ. "ಮಾಷ್ಟ್ರೇ, ಜಾಕಿನ ಗಾಲಿ ಮಾತ್ರ ನೋಡಿ" ಅಂದೆ. ನಾನು ಪಂಪ್ ಮಾಡಿದಂತೆಲ್ಲ ಜಾಕ್ ತಾನಾಗಿಯೇ ಕಾರಿನ ಒಳಗೆ ಸ್ವಲ್ಪ ಸ್ವಲ್ಪ ಉರುಳುತ್ತಾ ಹೋಯಿತು.

ಕಾರಣ ಇಷ್ಟೇ. ಟ್ರಾಲಿ ಜಾಕಿನ ತೋಳು ನೆಟ್ಟಗೆ ಮೇಲೇರುವುದಿಲ್ಲ, ಕಮಾನಿನ ಹಾಗೆ ಸುತ್ತಿಕೊಂಡು ಏರುತ್ತದೆ. ಏರುತ್ತಾ ಅದರ ತಲೆ ಹಿಡಿಯ ಕಡೆಗೆ ಬರುತ್ತದೆ. ಆಗ ಜಾಕ್ ಒಳಗೆ ಉರುಳಬೇಕು, ಇಲ್ಲವೇ ಕಾರು ಹೊರಗೆ ಬರಬೇಕು. ಎರಡೂ ಆಗದಿದ್ದರೆ ತಲೆ ಜಾರುತ್ತದೆ. ಗಾಲಿ ಮಣ್ಣಿನಲ್ಲಿ ಹೂತರೂ, ಇಂಟರ್‌ಲಾಕಿನ ಸಂದಿಗೆ ಸಿಕ್ಕಿದರೂ, ನೀವೇ ಕಲ್ಲು ಒತ್ತಿದರೂ ಪರಿಣಾಮ ಒಂದೇ. ಕಲ್ಲು ಕೊಡಬೇಕಾದ್ದು ಕಾರಿನ ಚಕ್ರಕ್ಕೆ. ಜಾಕಿನ ಗಾಲಿ ಬಿಟ್ಟುಬಿಡಿ.

"ಹ್ಯಾಂಡ್‌ಬ್ರೇಕ್ ಹಾಕಿ ಗೇರಿನಲ್ಲಿ ನಿಲ್ಲಿಸಿದ್ದೇನಲ್ಲ, ಮತ್ತೆ ಕಲ್ಲು ಯಾಕೆ?" ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಇದಕ್ಕೆ ಉತ್ತರ ಸ್ವಲ್ಪ ಉದ್ದ, ತಾಳ್ಮೆ ಇರಲಿ. ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಇಂಜಿನ್ ತಿರುಗಿಸುವುದು ಮುಂದಿನ ಚಕ್ರ, ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರ. ಮುಂದಿನ ಒಂದು ಚಕ್ರ ಎತ್ತಿದಿರಿ ಅನ್ನಿ. ಎತ್ತಿದ ಚಕ್ರ ಗಾಳಿಯಲ್ಲಿದೆ, ಸುಮ್ನೆ ತಿರುಗಬಹುದು. ನೆಲದಲ್ಲಿರುವ ಚಕ್ರ ಒಂದು ಕಡೆ ಉರುಳಿದರೆ, ಎರಡೂ ಚಕ್ರಕ್ಕೆ ಇಂಜಿನ್ನಿನ ಬಲ ಹಂಚುವ ಡಿಫರೆನ್ಷಿಯಲ್ ಮೂಲಕ ಎತ್ತಿದ ಚಕ್ರ ಉಲ್ಟಾ ತಿರುಗಿಬಿಡುತ್ತದೆ. ಗೇರ್ ಬಿದ್ದಿದ್ದರೂ ಹಿಡಿತ ಹೋಯಿತು. ಆಟೋಮ್ಯಾಟಿಕ್ ಕಾರಿನ ಪಾರ್ಕಿಗೂ ಇದೇ ಮಾತು. ಇನ್ನು ಕಾರು ನಿಂತಿರುವುದು ಹ್ಯಾಂಡ್‌ಬ್ರೇಕಿನ ಮೇಲೆ ಮಾತ್ರ. ಅದರ ಕೇಬಲ್ ಸಡಿಲಾಗಿ ಎಷ್ಟು ಕಾಲವಾಯಿತೋ ನಿಮಗೆ ಗೊತ್ತಾ?

ಹಿಂದಿನ ಚಕ್ರ ಎತ್ತಿದರೆ ಲೆಕ್ಕ ಬೇರೆ. ಮುಂದಿನ ಎರಡೂ ಚಕ್ರ ನೆಲದಲ್ಲಿರುವುದರಿಂದ ಗೇರ್ ಹಿಡಿಯುತ್ತದೆ. ಆದರೆ ಹ್ಯಾಂಡ್‌ಬ್ರೇಕಿಗೆ ಉಳಿದದ್ದು ಒಂದೇ ಚಕ್ರ. ಎಲ್ಲಕ್ಕಿಂತ ಕಷ್ಟ ಬೊಲೆರೊ, ಇನ್ನೋವಾ ಕ್ರಿಸ್ಟಾದಂಥವು. ಗೇರೂ ಹ್ಯಾಂಡ್‌ಬ್ರೇಕೂ ಎರಡೂ ಹಿಂದಿನ ಚಕ್ರಕ್ಕೇ. ಹಿಂದಿನ ಒಂದನ್ನು ಎತ್ತಿದಿರೋ, ಗೇರಿನ ಹಿಡಿತ ಪೂರ್ತಿ ಹೋಯಿತು, ಬ್ರೇಕಿನದು ಅರ್ಧ ಹೋಯಿತು. ಮನೆ ಗೇಟಿನ ಇಳಿಜಾರಿನಲ್ಲಿ ಇದನ್ನು ಮಾಡುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತದೆ. ಹಾಗಾಗಿ ಎತ್ತುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಿ. ಲಾರಿಯ ಕ್ಲೀನರ್ ಹುಡುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗಾಡಿ ನಿಂತ ಕೂಡಲೇ ಕಲ್ಲು ಹಿಡಿದು ಇಳಿಯುತ್ತಾರೆ. ಕಾರಿನವರಿಗೆ ಮಾತ್ರ ಅದೊಂದು ನಾಚಿಕೆ.

ಈಗ ಯಾವ ಜಾಕ್ ಅನ್ನುವುದಕ್ಕೆ ಬರೋಣ. ಮಣ್ಣಿನ ಅಂಗಳವಾದರೆ ಕಾರಿನ ಜೊತೆ ಬಂದ ಸ್ಕ್ರೂ ಜಾಕೇ ಒಳ್ಳೆಯದು ಅಂದರೆ ಯಾರೂ ನಂಬುವುದಿಲ್ಲ. ತಿರುಗಿಸಲು ಬೇಜಾರು ಹೌದು. ಆದರೆ ಬಾಗಿಲ ಕೆಳಗೆ ಕಂಪನಿಯವರು ಕೊಟ್ಟ ಗುರುತಿಗೆ ಅದರ ತಲೆಯ ಸೀಳು ಸರಿಯಾಗಿ ಕೂರುತ್ತದೆ, ಎಣ್ಣೆಯ ಒತ್ತಡದಿಂದ ಎತ್ತುವ ಜಾಕಿನ ಹಾಗೆ ಆಯಿಲ್ ಸೀಲ್ ಹೋಗುವ ಭಯವೂ ಇಲ್ಲ. ವರ್ಷಕ್ಕೊಮ್ಮೆ ಸ್ಕ್ರೂವಿಗೆ ಗ್ರೀಸ್ ಹಚ್ಚಿ. ಕೆಳಗೆ ಒಂದು ಅಡಿ ಚೌಕದ ದಪ್ಪ ಪ್ಲೈವುಡ್ ಹಾಕಿ. ಟೈರ್ ಇನ್ನೂ ನೆಲ ಬಿಡುವ ಮೊದಲೇ ಒಮ್ಮೆ ನಿಲ್ಲಿಸಿ, ಬಗ್ಗಿ ಜಾಕಿನ ಬುಡ ನೋಡಿ. ಒಂದು ಅಂಚು ಕೂದಲೆಳೆಯಷ್ಟು ಎದ್ದಿದ್ದರೂ ಇಳಿಸಿ, ಮತ್ತೆ ನೆಟ್ಟಗೆ ಇಡಿ. ಕಾರು ಗಾಳಿಯಲ್ಲಿರುವಾಗ ಜಾಕ್ ಸರಿಮಾಡಲು ಆಗುವುದಿಲ್ಲ.

ಸಿಮೆಂಟ್ ನೆಲವಿದ್ದರೆ ಟ್ರಾಲಿ ಜಾಕ್ ತಗೊಳ್ಳಿ, ಖುಷಿಯಾಗಿ. ಟನ್ನಿನ ಬದಲು ಎರಡು ಅಳತೆ ನೋಡಿ. ಪೂರ್ತಿ ಇಳಿದಾಗ ಎಷ್ಟು ತಗ್ಗು, ಪೂರ್ತಿ ಎತ್ತಿದಾಗ ಎಷ್ಟು ಎತ್ತರ. ಪಂಚರ್ ಆದ ಟೈರ್ ಚಪ್ಪಟೆಯಾದಾಗ ಸಣ್ಣ ಕಾರಿನ ಅಂಚು ಕೆಳಗಿಳಿಯುತ್ತದೆ, ಅಷ್ಟು ಸಂದಿಯಲ್ಲಿ ಜಾಕ್ ನುಗ್ಗಬೇಕು. ಥಾರ್, ಸ್ಕಾರ್ಪಿಯೊದವರಿಗೆ ತೊಂದರೆ ಉಲ್ಟಾ. ಸಾಮಾನ್ಯ ಟ್ರಾಲಿ ಜಾಕಿನ ಎತ್ತರ ಸಾಲದೆ ಅದರ ತಲೆ ಮೇಲೆ ಮರದ ತುಂಡು ಪೇರಿಸುತ್ತಾರೆ. ದಯವಿಟ್ಟು ಬೇಡ. ಅವರಿಗೆ ಬಾಟಲಿಯ ಹಾಗೆ ನೆಟ್ಟಗೆ ನಿಂತು ಎತ್ತುವ ಬಾಟಲ್ ಜಾಕ್ ಸರಿ. ಅದೇ ಬಾಟಲ್ ಜಾಕ್ ಸಣ್ಣ ಕಾರಿನ ಅಡಿಗೆ ಹೋಗುವುದೇ ಕಷ್ಟ. ಟ್ರಾಲಿಯ ಅಗಲ ತಲೆಗೆ ಸೀಳಿರುವ ರಬ್ಬರ್ ಪ್ಯಾಡ್ ಹಾಕದಿದ್ದರೆ ಬಾಗಿಲ ಕೆಳಗಿನ ತಗಡಿನ ಅಂಚು ಮಡಚುತ್ತದೆ. ಕಡಲ ತೀರದವರ ಹಳೆ ಕಾರಿನಲ್ಲಿ ಅದು ತುಕ್ಕು ಹಿಡಿದು ಟೊಳ್ಳಾಗಿರುವುದೂ ಉಂಟು, ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ನೋಡಿ. ಬ್ಯಾಟರಿ ಕಾರಿನವರು ಕಂಪನಿ ಕೊಟ್ಟ ಪುಸ್ತಕ ತೆಗೆಯದೆ ಜಾಕ್ ತೆಗೆಯಬೇಡಿ. ಅಡಿಯಲ್ಲಿ ಬ್ಯಾಟರಿ ಇದೆ.

ನಟ್ ಮೊದಲೇ ಸಡಿಲಿಸುವುದು ಎಲ್ಲರಿಗೂ ಗೊತ್ತಿರುವ ಮಾತು. ಮಾಡುವವರು ಕಡಿಮೆ. ಎತ್ತಿದ ಮೇಲೆ ವೀಲ್ ಪಾನಾದ ಮೇಲೆ ಹತ್ತಿ ಕುಣಿದರೆ ಆ ಬಲವೂ ಕಾರನ್ನು ಅಡ್ಡಕ್ಕೇ ದೂಡುತ್ತದೆ.

ಚಕ್ರ ಬದಲಿಸುವುದಷ್ಟೇ ಆದರೆ ಸ್ಟೆಪ್ನಿಯನ್ನು ಜಾಕಿನ ಪಕ್ಕ ಅಂಚಿನ ಅಡಿಗೆ ಮಲಗಿಸಿಡಿ, ಆಮೇಲೆ ಬಿಚ್ಚಿದ ಚಕ್ರವನ್ನು ಅಲ್ಲಿಗೆ ದೂಡಿ ಸ್ಟೆಪ್ನಿ ತೆಗೆಯಿರಿ. ಜಾರಿದರೂ ಕಾರು ಚಕ್ರದ ಮೇಲೆ ಕೂರುತ್ತದೆ. ಕಾರಿನ ಅಡಿಗೆ ತೂರುವ ಕೆಲಸವಿದ್ದರೆ ಎತ್ತಿದ ಕಾರಿನ ಭಾರ ಹೊರುವ ಕಬ್ಬಿಣದ ಸ್ಟ್ಯಾಂಡ್ ಇಲ್ಲದೆ ಬೇಡವೇ ಬೇಡ. ಕೆಂಪುಕಲ್ಲು, ಸಿಮೆಂಟ್ ಬ್ಲಾಕ್ ಪೇರಿಸಿದ್ದನ್ನು ನಾನು ಸ್ಟ್ಯಾಂಡ್ ಅನ್ನುವುದಿಲ್ಲ. ಒಂದು ಮೂಲೆಯಲ್ಲಿ ಭಾರ ಬಿದ್ದರೆ ಸೀಳಿಹೋಗುತ್ತವೆ. ಸ್ಟ್ಯಾಂಡ್ ಎಲ್ಲಿಗೆ ಕೊಡಬೇಕೆಂಬುದು ಕಾರಿನಿಂದ ಕಾರಿಗೆ ಬೇರೆ. ನಿಮ್ಮ ಕಾರು ನೋಡದೆ ಇಲ್ಲಿ ಬರೆಯಲಾರೆ, ಗ್ಯಾರೇಜಿನಲ್ಲಿ ಒಮ್ಮೆ ಕೇಳಿ ತಿಳಿದುಕೊಳ್ಳಿ.

ಇಳಿಜಾರಿನಲ್ಲೋ ಕೆಸರಿನಲ್ಲೋ ಪಂಚರ್ ಆಗಿದ್ದರೆ ಫೋನ್ ಮಾಡಿ ಕೇಳುತ್ತಾರೆ, "ಇಲ್ಲಿಂದ ಕದಲಿಸಿದ್ರೆ ಟೈರ್ ಹಾಳಾಗುದಿಲ್ವಾ?" ಆಗಬಹುದು. ಹೆಚ್ಚೆಂದರೆ ಕೆಲವು ಸಾವಿರ ರೂಪಾಯಿಯ ಟೈರು, ಹೋದರೆ ಹೋಗಲಿ. ಫಸ್ಟ್ ಗೇರಿನಲ್ಲಿ, ನಡೆಯುವ ವೇಗದಲ್ಲಿ, ಹತ್ತಿರದ ಸಮತಟ್ಟು ಗಟ್ಟಿ ಜಾಗಕ್ಕೆ ತನ್ನಿ. ಆಮೇಲೆ ಡಿಕ್ಕಿ ತೆಗೆದು ಮೊದಲು ಕಲ್ಲು ಹುಡುಕಿ, ಜಾಕ್ ಆಮೇಲೆ.