ಗಲ್ಲು ಶಿಕ್ಷೆಯಾದವರನ್ನು ಎಲ್ಲಿಡಬೇಕು? 1894ರ ಒಂದು ಸಾಲಿನ ತೊಡಕು

ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದ ಸಂಜೆಯೇ ಕೈದಿಯನ್ನು ಬ್ಯಾರಕ್‌ನಿಂದ ಒಂಟಿ ಸೆಲ್‌ಗೆ ಹಾಕುವುದುಂಟು. ಇದಕ್ಕೆ ಆಧಾರವೆಂದು ತೋರಿಸುವುದು 1894ರ ಕಾರಾಗೃಹ ಕಾಯ್ದೆಯ 30ನೇ ಸೆಕ್ಷನ್ನನ್ನು. ಮರಣದಂಡನೆಗೆ ಒಳಗಾದವನು ಜೈಲಿಗೆ ಬಂದ ಕೂಡಲೇ ಮೈ ತಪಾಸಣೆ ಮಾಡಬೇಕು, ಅಪಾಯದ ವಸ್ತುಗಳನ್ನು ತೆಗೆದುಕೊಳ್ಳಬೇಕು, ಉಳಿದವರಿಂದ ಬೇರೆಯಾದ ಸೆಲ್‌ನಲ್ಲಿಟ್ಟು ಹಗಲಿರುಳು ಪಹರೆ ಹಾಕಬೇಕು ಎನ್ನುತ್ತದೆ ಅದು.

ಆದರೆ ‘ಒಳಗಾದವನು’ ಎಂದರೆ ಯಾವಾಗಿನಿಂದ? ಹೈಕೋರ್ಟು ದೃಢೀಕರಿಸುವ ತನಕ ಸೆಷನ್ಸ್ ಕೋರ್ಟಿನ ಗಲ್ಲು ಜಾರಿಯಾಗುವಂತಿಲ್ಲ (ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 366ನೇ ಸೆಕ್ಷನ್, ಈಗ ನಾಗರಿಕ ಸುರಕ್ಷಾ ಸಂಹಿತೆಯ 407). ಆಮೇಲೆ ಸುಪ್ರೀಂ ಕೋರ್ಟು, ಕ್ಷಮಾದಾನಕ್ಕಾಗಿ ರಾಜ್ಯಪಾಲರು, ರಾಷ್ಟ್ರಪತಿ. ಇಷ್ಟೂ ಮುಗಿಯಲು ವರ್ಷಗಳೇ ಹಿಡಿಯುತ್ತವೆ.

ದೆಹಲಿಯ ತಿಹಾರ್ ಜೈಲಿನಲ್ಲಿದ್ದ ಗಲ್ಲು ಕೈದಿ ಸುನಿಲ್ ಬಾತ್ರಾ ಪ್ರಕರಣದಲ್ಲಿ, 1978ರಲ್ಲಿ, ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ಇದನ್ನು ಬಗೆಹರಿಸಿತು. ಎಲ್ಲ ದಾರಿಗಳೂ ಮುಚ್ಚಿ, ಕ್ಷಮಾದಾನ ಅರ್ಜಿಯೂ ತಿರಸ್ಕೃತವಾದ ಮೇಲೆಯೇ ಆತ ‘ಒಳಗಾದವನು’. ಅಲ್ಲಿಯವರೆಗೆ ಅವನು ಕಾವಲಿನಲ್ಲಿರುವ ಮನುಷ್ಯ, ಅಷ್ಟೇ. ‘ಬೇರೆ ಸೆಲ್’ ಎಂದ ಮಾತ್ರಕ್ಕೆ ಏಕಾಂತ ಸೆರೆಯೂ ಅಲ್ಲ. ಏಕಾಂತವು ಕೋರ್ಟು ಮಾತ್ರ ವಿಧಿಸಬಹುದಾದ ಪ್ರತ್ಯೇಕ ಶಿಕ್ಷೆ: ಅದೂ ಕಠಿಣ ಸಜೆಯ ಜೊತೆಗೆ, ಒಮ್ಮೆಗೆ 14 ದಿನ ಮೀರದಂತೆ, ಒಟ್ಟು 3 ತಿಂಗಳೊಳಗೆ.

ಇಷ್ಟು ಸ್ಪಷ್ಟವಿದ್ದೂ ತಪ್ಪುವುದೇಕೆ? ಕೈದಿ ಆತ್ಮಹತ್ಯೆ ಮಾಡಿಕೊಂಡರೆ ಉತ್ತರಿಸಬೇಕಾದವರು ಜೈಲಿನವರೇ. ಬೀಗ ಹಾಕಿದ ಸೆಲ್ ಅವರಿಗೆ ಸುರಕ್ಷಿತವೆನಿಸುತ್ತದೆ. ಅದು ಮನಸ್ಸನ್ನು ಒಳಗಿಂದೊಳಗೇ ಕೊರೆಯುವುದು ಯಾವ ರಿಜಿಸ್ಟರಿನಲ್ಲೂ ದಾಖಲಾಗುವುದಿಲ್ಲ. ಇನ್ನೊಂದು ತೊಂದರೆಯಿದೆ. ಗಲ್ಲು ಶಿಕ್ಷೆ ಕಠಿಣ ಸಜೆಯಲ್ಲವೆಂದು ಕೆಲಸವನ್ನೂ ಕೊಡುವುದಿಲ್ಲ. ಕೆಲಸವಿಲ್ಲವೆಂದರೆ ಕೂಲಿಯೂ ಇಲ್ಲ, ದಿನ ಕಳೆಯುವ ದಾರಿಯೂ ಇಲ್ಲ.

ಸುಪ್ರೀಂ ಕೋರ್ಟಿನ 2014ರ ಶತ್ರುಘ್ನ ಚೌಹಾಣ್ ತೀರ್ಪು 1978ರ ಮಾತನ್ನೇ ಮತ್ತೆ ಹೇಳಬೇಕಾಯಿತು. ಜೊತೆಗೆ, ಕ್ಷಮಾದಾನ ತಿರಸ್ಕಾರವನ್ನು ತಿಳಿಸಿದ ಮೇಲೆ ಗಲ್ಲಿಗೆ ಕನಿಷ್ಠ 14 ದಿನ ಅಂತರವಿರಬೇಕು, ಮನೆಯವರ ಕೊನೆಯ ಭೇಟಿಗೆ ಅವಕಾಶವಿರಬೇಕು ಎಂದಿತು.

ಕರ್ನಾಟಕದಲ್ಲಿ ಗಲ್ಲು ಶಿಕ್ಷೆಯಾದವರು ಹೋಗುವುದು ಬೆಳಗಾವಿಯ ಹಿಂಡಲಗಾ ಜೈಲಿಗೆ. ಬೆಂಗಳೂರಿನ ಕುಟುಂಬಕ್ಕೆ ಒಂದು ಭೇಟಿಯೆಂದರೆ ಸುಮಾರು 500 ಕಿ.ಮೀ. ಪಯಣ. ಅಲ್ಲಿದ್ದ ಬಿ.ಎ. ಉಮೇಶ್ ಎಂಬ ಕೈದಿಯನ್ನು, ಕ್ಷಮಾದಾನ ಅರ್ಜಿ ಇತ್ಯರ್ಥವಾಗುವ ಮೊದಲೇ, 2006ರಿಂದ 2013ರವರೆಗೆ ಏಕಾಂತದಲ್ಲಿಡಲಾಗಿತ್ತು. ಅಪರಾಧ ಘೋರವಾದದ್ದೇ. ಆದರೂ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಈ ಕಾನೂನುಬಾಹಿರ ಏಕಾಂತದ ಕಾರಣಕ್ಕೆ ಗಲ್ಲನ್ನು ರದ್ದುಮಾಡಿ, ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು.