ಚೈನ್ ಸ್ವಲ್ಪ ಲೂಸೇ ಇರಲಿ ಮಾರಾಯ್ರೇ

ಮಳೆಗಾಲ ಶುರುವಾಯಿತು ಅಂದರೆ ಉಡುಪಿಯ ನಮ್ಮ ಗ್ಯಾರೇಜಿಗೆ ಬರುವ ಹೊಸ ಹುಡುಗರದ್ದು ಒಂದೇ ಮಾತು. "ಅಣ್ಣ, ಚೈನ್ ಶಬ್ದ ಬರ್ತದೆ, ಸ್ವಲ್ಪ ಟೈಟ್ ಮಾಡಿ ಕೊಡಿ." ಶಬ್ದ ಬಂದ ಕೂಡಲೇ ಟೈಟ್ ಮಾಡಬೇಕು ಅಂತ ಇವರಿಗೆ ಯಾರು ಹೇಳಿಕೊಡುತ್ತಾರೋ! ಹೆಚ್ಚಿನ ಸಲ ಆ ಚೈನಿಗೆ ಬೇಕಿರುವುದು ಎಣ್ಣೆ. ಮಳೆನೀರು ಇದ್ದ ಎಣ್ಣೆಯನ್ನೆಲ್ಲ ತೊಳೆದಿರುತ್ತದೆ, ಕಡಲ ಕಡೆಯ ಉಪ್ಪುಗಾಳಿ ಉಳಿದ ಕೆಲಸ ಮಾಡಿರುತ್ತದೆ.

ಟೈಟ್ ಮಾಡಿದರೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ನೀವು ಚೈನ್ ನೋಡುವುದು ಬೈಕ್ ಖಾಲಿ ನಿಂತಿರುವಾಗ. ಓಡಿಸುವಾಗ ಮೇಲೆ ನೀವಿರುತ್ತೀರಿ, ಹಿಂದೆ ಗೆಳೆಯ, ಅವನ ಬೆನ್ನಿಗೆ ಬ್ಯಾಗು. ಭಾರ ಬಿದ್ದಾಗ ಬೈಕ್ ಕುಸಿದು, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಮೇಲಕ್ಕೆ ಏಳುತ್ತದೆ. ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಸ್ವಿಂಗ್ ಆರ್ಮಿನ ಬೋಲ್ಟ್, ಹಿಂದಿನ ಆಕ್ಸಲ್ (ಚಕ್ರದ ನಡುವಿನ ಕಂಬಿ) ಈ ಮೂರೂ ಒಂದೇ ಗೆರೆಗೆ ಬಂದಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ಅಂತರ ಎಲ್ಲಕ್ಕಿಂತ ಜಾಸ್ತಿ. ಆಗ ಬೇಕಾಗುವ ಉದ್ದವನ್ನೇ ಸ್ಲ್ಯಾಕ್, ಅಂದರೆ ಸಡಿಲು, ಅಂತ ಮೊದಲೇ ಬಿಟ್ಟಿರುವುದು. ಅದನ್ನು ನೀವು ಎಳೆದು ತೆಗೆದರೆ, ಒಂದೊಂದು ಹೊಂಡಕ್ಕೂ ಚೈನ್ ಗೇರ್‌ಬಾಕ್ಸಿನ ಶಾಫ್ಟನ್ನೇ ಎಳೆಯುತ್ತದೆ. ಬೇರಿಂಗ್ ಹೋಗುತ್ತದೆ, ಆಯಿಲ್ ಸೀಲ್ ಸೋರಬಹುದು.

ಮಣಿಪಾಲದ ವಿದ್ಯಾರ್ಥಿಯೊಬ್ಬ ಹೊಸ ಬೈಕಿನ ಚೈನನ್ನು ತಾನೇ ವೀಣೆ ತಂತಿಯ ಹಾಗೆ ಬಿಗಿದು, ಗೆಳೆಯನನ್ನು ಕೂರಿಸಿಕೊಂಡು ಆಗುಂಬೆಗೆ ಹೊರಟಿದ್ದ. ಸೋಮೇಶ್ವರ ತಲುಪುವಷ್ಟರಲ್ಲಿ ಹಿಂದಿನಿಂದ ಕುಂಯ್ ಕುಂಯ್. ವಾಪಸ್ ಬಂದವನು ಹೇಳಿದ್ದೇನು ಗೊತ್ತಾ? "ಇನ್ನೂ ಸ್ವಲ್ಪ ಟೈಟ್ ಮಾಡ್ಬೇಕಿತ್ತು ಅಲ್ವಾ ಅಣ್ಣ?" ಒಳ್ಳೆ ಹುಡುಗ, ಕಲಿಯುವ ಆಸೆ ಇದೆ. ಬೈಯಲು ಮನಸ್ಸು ಬರಲಿಲ್ಲ.

100-150 ಸಿಸಿ ಬೈಕುಗಳಿಗೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಸ್ಲ್ಯಾಕ್, ಅಂದರೆ ಚೈನ್ ಮೇಲೆ ಕೆಳಗೆ ಆಡುವ ಜಾಗ, ಇರಬೇಕು, ಎತ್ತರದ ಸಸ್ಪೆನ್ಷನ್ ಇರುವ ಬೈಕುಗಳಿಗೆ ಇನ್ನೂ ಜಾಸ್ತಿ. ನಿಮ್ಮ ಬೈಕಿನ ಅಳತೆ ಮ್ಯಾನುಯಲ್‌ನಲ್ಲಿದೆ, ನನ್ನ ಮಾತಿಗಿಂತ ಅದನ್ನೇ ನಂಬಿ. ಯಾವ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಅಳೆಯಬೇಕು ಅಂತಲೂ ಅದರಲ್ಲೇ ಇರುತ್ತದೆ. ಕೆಳಗಿನ ಚೈನಿನ ನಡುಭಾಗವನ್ನು ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ. ಪೂರ್ತಿ ಕವರ್ ಇದ್ದರೆ ಅದರಲ್ಲೊಂದು ರಬ್ಬರ್ ಮುಚ್ಚಳ ಇರುತ್ತದೆ, ಕಿತ್ತು ನೋಡಿ. ಒಂದೇ ಕಡೆ ನೋಡಿ ಬಿಡಬೇಡಿ. ಚೈನ್ ಎಲ್ಲ ಕಡೆ ಒಂದೇ ಥರ ಸವೆಯುವುದಿಲ್ಲ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಿ ಹೆಚ್ಚು ಬಿಗಿಯೋ ಆ ಜಾಗದ ಲೆಕ್ಕ ಹಿಡಿಯಿರಿ.

ತಿರುಗಿಸುವುದು ಕೈಯಲ್ಲಿ, ಇಂಜಿನ್ ಆಫ್ ಮಾಡಿ. ಗೇರಿಗೆ ಹಾಕಿ ಚಕ್ರ ಓಡಿಸುತ್ತಾ ಚೈನ್ ಒರೆಸಲು ಬಟ್ಟೆ ಹಿಡಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬಟ್ಟೆಯ ಜೊತೆ ಬೆರಳೂ ಹೋಗುತ್ತದೆ.

ಎಣ್ಣೆಗೆ 90 ನಂಬರಿನ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇ ಸಾಕು. 500 ಕಿ.ಮೀ.ಗೊಮ್ಮೆ ಹಾಕಿ. ನಮ್ಮ ಮಳೆಗೆ ಅಷ್ಟು ದಿನ ಕಾಯಬೇಡಿ. ಮಲ್ಪೆಯಿಂದ ಮೀನು ತಂದು ಮಾರುವ ನಮ್ಮ ಗಿರಾಕಿಯೊಬ್ಬರ ಬೈಕಿಗೆ ದಿನಾ ಐಸಿನ ಉಪ್ಪುನೀರಿನ ಅಭಿಷೇಕ. ಅವರ ಚೈನ್ ಕಾಲೇಜು ಹುಡುಗರದ್ದಕ್ಕಿಂತ ಚೆನ್ನಾಗಿದೆ. ಸಂಜೆ ತೊಳೆದು ಒರೆಸಿ ಎಣ್ಣೆ ಬಿಡುತ್ತಾರೆ, ಅಷ್ಟೇ.

ಅಳತೆ ಮೀರಿ ಲೂಸಾದ ಚೈನೂ ಅಪಾಯವೇ, ಸ್ಪ್ರಾಕೆಟ್ ಬಿಟ್ಟು ಹಾರಬಹುದು. ಹಾಗಾಗಿ ಬಿಗಿಯುವ ದಿನವೂ ಬರುತ್ತದೆ. ಸ್ವಿಂಗ್ ಆರ್ಮಿನ ಎರಡೂ ಬದಿಯ ಅಡ್ಜಸ್ಟರ್ ಗುರುತು ಸಮ ಇರಲಿ, ಆಕ್ಸಲ್ ನಟ್ ಕೊನೆಗೆ ಗಟ್ಟಿ ಮಾಡಿ. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಪೆಡಲನ್ನೂ ಒತ್ತಿ ನೋಡಿ. ಚಕ್ರ ಹಿಂದೆ ಸರಿದರೆ ಬ್ರೇಕ್ ರಾಡ್ ಬಿಗಿಯಾಗುತ್ತದೆ, ಬ್ರೇಕ್ ಅರ್ಧ ಹಿಡಿದುಕೊಂಡೇ ಓಡುತ್ತೀರಿ. ಚಕ್ರದ ಹತ್ತಿರ ರಾಡಿನ ತುದಿಯಲ್ಲಿರುವ ನಟ್ ಸ್ವಲ್ಪ ಸಡಿಲಿಸಿದರೆ ಸರಿಹೋಗುತ್ತದೆ. ಅದಕ್ಕೆ ಗ್ಯಾರೇಜಿಗೆ ಬರಬೇಕಾಗಿಲ್ಲ.